ಬರ್ತೀನಿ ಅನ್ನದ ಮನೆ

ಅರ್ಧ ಕಟ್ಟೆ ತೊಳೆದಾಗಿತ್ತು. ಉಳಿದರ್ಧಕ್ಕೆ ನೀರು ಚೆಲ್ಲಿ ತೆಂಗಿನ ಪೊರಕೆಯಲ್ಲಿ ಉಜ್ಜುತ್ತಿದ್ದ ಬನಶಂಕರಿಗೆ ಪಡಸಾಲೆಯೊಳಗಿನ ರಾಟೆಯ ಸದ್ದು ನಿಂತದ್ದು ಗೊತ್ತಾಯಿತು. ಎಳೆ ಹರಿದಿರಬೇಕು, ಅತ್ತೆ ಗಂಟು ಹಾಕುತ್ತಿರಬೇಕು ಅಂದುಕೊಂಡಳು. ನೊರೆ ಹಾಗೇ ಬಿಟ್ಟು ಒಳಗೆ ಹೋದರೆ ದಾರಿಹೋಕರು ಯಾರಾದರೂ ಕೂರಲು ಬಂದು ಜಾರಿಬೀಳುತ್ತಾರೆ. ಹಾಗಾಗಿ ಪೂರ್ತಿ ತೊಳೆದು, ಹಳೆಬಟ್ಟೆಯಲ್ಲಿ ಒರೆಸಿ, ಬಕೆಟ್ಟು ಮಗುಚಿಟ್ಟು, ಆಮೇಲೆ ಒಳಗೆ ಹೋದಳು. ಅತ್ತೆ ಅಕ್ಕಯ್ಯಮ್ಮ ರಾಟೆಯ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಗೋಡೆಗೆ ಒರಗಿದ್ದರು. ಲಾಳಿಗೆ ಹಾಕುವ ಕಂಡಿಕೆಗೆ ಅರ್ಧ ನೂಲು ಸುತ್ತಿತ್ತು. ಎಳೆ ಹರಿದಿರಲಿಲ್ಲ.

ನೂಲೂರಿನ ಲಾಳಿ ಬೀದಿಯಲ್ಲಿ ಕಾಲ್ನಡಿಗೆಯಲ್ಲಿ ಹೋಗುವುದು ಒಂದು ಕಾಲಕ್ಕೆ ಜೀವ ಕೈಯಲ್ಲಿ ಹಿಡಿದು ಹೋಗುವುದಾಗಿತ್ತು. ಅಕ್ಕಯ್ಯಮ್ಮನ ಗಂಡ ಲಾರಿಗೆ ಸಿಕ್ಕಿ ತಮ್ಮ ಬಾಗಿಲೆದುರೇ ಹೋದವರು. ಅದಾಗಿ ಹತ್ತು ವರ್ಷಕ್ಕೆ ಬೀದಿಮುಖ ಸಂಹಿತೆ ಎಂಬ ಕಾನೂನು ಬಂತು. ಗಾಡಿಗಳೆಲ್ಲ ಊರಾಚೆಯ ವರ್ತುಲ ರಸ್ತೆಗೆ ಹೋದವು. ಬೀದಿಗೆ ಬೆನ್ನು ಹಾಕಿ ಮನೆ ಕಟ್ಟುವ ಹಾಗಿಲ್ಲ. ಆರಡಿಗಿಂತ ಉದ್ದ ಬೋಳುಗೋಡೆ ಇರುವ ಹಾಗಿಲ್ಲ. ಕಾಂಪೌಂಡು ಇಲ್ಲ. ಮೂರಡಿ ಸೂರು ಮುಂದೆ ಚಾಚಿರಬೇಕು, ಅದರ ನೆರಳಲ್ಲಿ ಮೊಣಕಾಲೆತ್ತರದ ಕಟ್ಟೆ ಇರಬೇಕು, ಅದು ಯಾರು ಬೇಕಾದರೂ ಕೂರುವ ಕಟ್ಟೆ. ಮನೆಗಳ ಮುಂದಿನ ಗೋಡೆಗಳನ್ನು ನೆಲದೊಳಗಿನ ಹಳಿಗಳ ಮೇಲೆ ಕೂರಿಸಿದರು. ಮಟಮಟ ಮಧ್ಯಾಹ್ನ ಗೋಡೆಗಳು ಎರಡಡಿ ಮುಂದೆ ಸರಿದು ಬೀದಿಗೆ ನೆರಳು ಕೊಡುತ್ತಿದ್ದವು, ಸಂಜೆ ಹಿಂದೆ ಸರಿದು ಓಡಾಡಲು ಜಾಗ ಬಿಡುತ್ತಿದ್ದವು. ಮೊದಮೊದಲು ಜನ ಹೆದರಿದರು. ಆಮೇಲೆ ಗೋಡೆ ಸರಿಯುವ ಸದ್ದಿಗೆ ಅನ್ನಕ್ಕಿಡುವುದು ರೂಢಿಯಾಯಿತು.

ಆದರೆ ಕಾನೂನು ಅಳತೆ ಹೇಳಬಲ್ಲದು, ಮನಸ್ಸು ಹೇಳಲಾರದು. ಜನ ಕಟ್ಟೆ ಕಟ್ಟಿ ಅದರ ಮೇಲೆ ಮೊಳೆ ಹೊಡೆದರು. ಹೂಕುಂಡ ಸಾಲಾಗಿಟ್ಟರು. ಕೂತವರ ಮೇಲೆ ಮಹಡಿಯಿಂದ ನೀರು ಹುಯ್ದರು. ಇಂಥ ಎರಡು ಮನೆ ಇದ್ದರೆ ಸಾಕು, ನಡೆಯುವವರು ಆ ಬೀದಿ ಬಿಟ್ಟು ಬೇರೆ ಬೀದಿ ಹಿಡಿಯುತ್ತಿದ್ದರು. ಆಗ ಸಂಹಿತೆಯ ಕಚೇರಿಯವರು ಕುಮುದಿನಿ ಎಂಬ ಎಂಜಿನಿಯರಿಗೆ ಒಂದು ಕೆಲಸ ಕೊಟ್ಟರು. ಕಟ್ಟೆ ಬದುಕಿದೆಯೋ ಸತ್ತಿದೆಯೋ ತಿಳಿಯುವ ಯಂತ್ರ ಬೇಕು ಅಂದರು.

ಕುಮುದಿನಿ ಮೂರು ತಿಂಗಳು ಹನ್ನೊಂದು ಬೀದಿಗಳಲ್ಲಿ ಮನೆ ಬಾಗಿಲಿನ ಮಾತುಗಳನ್ನು ಧ್ವನಿಮುದ್ರಿಸಿಕೊಂಡಳು. ಚೆನ್ನಾಗಿರುವ ಬೀದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು, ಕೆಟ್ಟ ಬೀದಿಗಳಲ್ಲಿ ಇರಲಿಲ್ಲ. ನಮ್ಮ ಕಡೆ ಹೊರಟವರು ಹೋಗ್ತೀನಿ ಅನ್ನುವುದಿಲ್ಲವಲ್ಲ, ಬರ್ತೀನಿ ಅನ್ನುತ್ತಾರೆ. ಆ ಮಾತು ಕೇಳಿದರೆ ಅಲ್ಲಿ ಒಬ್ಬರು ಕೂತಿದ್ದರು, ಮಾತಾಡಿದರು, ಮತ್ತೆ ಬರುವ ಮನಸ್ಸಿಟ್ಟುಕೊಂಡು ಎದ್ದರು ಅಂತ ಅರ್ಥ. ಅವಳು ಪ್ರತಿ ಬಾಗಿಲ ಚೌಕಟ್ಟಿಗೂ ಹೆಬ್ಬೆರಳಷ್ಟು ಕಿವಿ ಕೂರಿಸಿದಳು. ಅದಕ್ಕೆ ಬೇರೆ ಮಾತು ಕೇಳಿಸದು. ಬರ್ತೀನಿ, ಬತ್ತೀನಿ, ಬರ್ತೀವಿ, ಇಷ್ಟೇ. ಒಂಬತ್ತು ದಿನದಲ್ಲಿ ಒಂದು ಮನೆಯ ಬಾಗಿಲಲ್ಲಿ ಏಳು ಜನರಾದರೂ ಆ ಮಾತು ಆಡದಿದ್ದರೆ ಅದು ಸತ್ತ ಮುಖ. ಅಂಥ ಮನೆಯ ಮುಂದಿನ ಗೋಡೆ ಹತ್ತಡಿ ಒಳಗೆ ಸರಿದು ನಿಲ್ಲುತ್ತದೆ, ಬಿಟ್ಟ ಜಾಗ ನಡೆಯುವವರಿಗೆ. ಒಬ್ಬರ ದನಿ ಒಂದೇ ಸಲ ಲೆಕ್ಕ, ಯಾಕೆಂದರೆ ಪಕ್ಕದೂರಿನಲ್ಲಿ ಯಾರೋ ಗಿಳಿಗೆ ಆ ಮಾತು ಕಲಿಸಿ ಬಾಗಿಲಿಗೆ ತೂಗುಹಾಕಿದ್ದರು.

ಮೊಳೆಗಳೆಲ್ಲ ಒಂದೇ ವಾರದಲ್ಲಿ ಕಿತ್ತುಬಂದವು. ಕುಮುದಿನಿಗೆ ಶಾಲು ಹೊದಿಸಿದರು.

ಅಕ್ಕಯ್ಯಮ್ಮನ ಕಟ್ಟೆಗೆ ಈ ಕಾನೂನಿನ ಭಯ ಇರಲೇ ಇಲ್ಲ. ಸೊಸೆ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದರೆ, ಅತ್ತೆ ರಾಟೆ ತಿರುಗಿಸುತ್ತಲೇ ಕಿಟಕಿಯಿಂದ ಬೀದಿಯವರನ್ನೆಲ್ಲ ಮಾತಾಡಿಸುತ್ತಿದ್ದರು. ಇನ್ನೂ ಮದುವೆಯಾಗಲಿಲ್ಲವೇ ಅಂತ ಪೋಸ್ಟಿನವನನ್ನು, ಯಾಕೆ ಸೊರಗಿದ್ದೀಯ ಅಂತ ಟೀಚರನ್ನು. ದಿನಕ್ಕೆ ನಲವತ್ತು ಬರ್ತೀನಿ ಬೀಳುತ್ತಿದ್ದ ಮನೆ ಅದು. ಇಡೀ ನೂಲೂರಿಗೇ ಮೊದಲು.

ಅವರು ಸತ್ತ ದಿನ ಬೀದಿಗೆ ಬೀದಿಯೇ ಬಂತು. ಮೊದಲ ಮೂರು ದಿನದಲ್ಲಿ ಇನ್ನೂರು ಜನ ಬಂದುಹೋಗಿರಬೇಕು. ಕೂತರು, ಅತ್ತರು, ಎದ್ದರು, ಚಪ್ಪಲಿ ಮೆಟ್ಟಿ ಸುಮ್ಮನೆ ಮೆಟ್ಟಿಲಿಳಿದರು. ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನುವುದುಂಟೇ? ಅಂದರೆ ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗೆ. ಹನ್ನೊಂದು ದಿನದ ಸೂತಕ ಕಳೆಯುವ ತನಕ ಆ ಮಾತು ಆ ಹೊಸ್ತಿಲಲ್ಲಿ ಯಾರ ಬಾಯಲ್ಲೂ ಬರದು. ಬಾಗಿಲ ಕಿವಿ ಇನ್ನೂರು ಜನರ ಮಧ್ಯೆ ಏನೂ ಕೇಳಿಸಿಕೊಳ್ಳದೆ ಕಾದು ಕೂತಿತ್ತು.

ಹಳೇ ಬಸ್‌ಸ್ಟ್ಯಾಂಡಿನ ಮಹಡಿಯ ಮೇಲಿದ್ದ ನಿಯಂತ್ರಣ ಕೋಣೆಯಲ್ಲಿ ನಾಲ್ಕನೇ ದಿನ ಆ ಮನೆಯ ಹಸಿರು ಚುಕ್ಕಿ ಮಾಸಿತು. ನಲವತ್ತರಿಂದ ಸೊನ್ನೆಗೆ ಒಂದೇ ದಿನದಲ್ಲಿ ಬಿದ್ದದ್ದನ್ನು ನೋಡಿದ ಕೂಡಲೇ ಅಲ್ಲಿ ಸಾವಾಗಿದೆಯೆಂದು ಕುಮುದಿನಿಗೆ ಗೊತ್ತಾಯಿತು. ಇದು ಅವಳು ನೋಡಿದ ಮೊದಲ ಮನೆಯಲ್ಲ.

ಆ ಮೂರು ತಿಂಗಳ ಸಮೀಕ್ಷೆಯಲ್ಲಿ ಒಂದು ಬೆಳಿಗ್ಗೆ ಅವಳು ಒಂದು ಮನೆಯ ಮುಂದೆ ಚಟ್ಟ ಕಟ್ಟುತ್ತಿರುವುದನ್ನು ಕಂಡು, ಮೈಕನ್ನು ಸೆರಗಿನಲ್ಲಿ ಮುಚ್ಚಿ, ತಲೆತಗ್ಗಿಸಿ ಮುಂದಕ್ಕೆ ಹೋಗಿದ್ದಳು. ಜೊತೆಯವರಿಗೂ ಹಾಗೇ ಮಾಡಿ ಅಂದಿದ್ದಳು. ಅಳುವ ಮನೆಗೆ ಯಂತ್ರ ಹಿಡಿಯುವುದು ಮರ್ಯಾದೆಯಲ್ಲ. ಹಾಗಾಗಿ ಯಂತ್ರಕ್ಕೆ ಸಾವಿನ ಮನೆ ಅಂದರೆ ಏನೆಂದು ಯಾರೂ ಕೇಳಿಸಲಿಲ್ಲ. ಬೇರೆ ಯಾವ ದೇಶದವರು ಮಾಡಿದ್ದರೂ ಆ ಮನೆಗೂ ಮೈಕು ಹಿಡಿಯುತ್ತಿದ್ದರು, ಈ ತಪ್ಪು ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸಾವಿನ ಮನೆಯೊಂದರ ಗೋಡೆ ಮೊದಲ ಸಲ ಸರಿದಾಗಲೇ ಅವಳು ಸಂಹಿತಾ ಸಮಿತಿಗೆ ಕಾಗದ ಬರೆದಿದ್ದಳು. ನಿಯಮ ಬರೆದವರೇ ತಮ್ಮ ಕೈಯಾರೆ ಬರೆದು, ತಪ್ಪು ತಮ್ಮದೆಂದು ಒಪ್ಪಿ ಸಹಿ ಹಾಕಿದರೆ ಮಾತ್ರ ನಿಯಮ ತಿದ್ದುತ್ತಾರೆ. ಕಾಗದ ಮುಗಿಸಿ ಮೇಲಧಿಕಾರಿ ತೋಂಟದಾರ್ಯರಿಗೆ ತೋರಿಸಿದಳು. ಅವರು ಕೆಟ್ಟವರಲ್ಲ. ಓದಿ, ಕನ್ನಡಕ ತೆಗೆದು, ಸಾವಿಗೆ ವಿನಾಯಿತಿ ಕೊಟ್ಟರೆ ನಾಳೆಯಿಂದ ಊರಲ್ಲಿ ಯಾರೂ ಬದುಕಿರೋದಿಲ್ಲ ಕಣಮ್ಮ ಅಂದರು. ಜೊತೆಗೆ, ಆಗಲೇ ಸರಿದ ಗೋಡೆಯ ಬಗ್ಗೆ ಜನ ನಿನ್ನ ಹೆಸರು ಹಿಡಿದೇ ಕೇಳುತ್ತಾರೆ, ಯೋಚನೆ ಮಾಡು ಅಂದರು. ಅವಳು ಯೋಚನೆ ಮಾಡಿದಳು. ಕಾಗದದಲ್ಲಿ ‘ಒಂದು ಮನೆ’ ಅಂತ ಬರೆದಿತ್ತು. ಕಳಿಸೋಣ ಅಂತ ಮತ್ತೆ ತೆಗೆದಾಗ ಅದನ್ನು ಹೊಡೆದು ‘ನಾಲ್ಕು’ ಮಾಡಬೇಕಾಯಿತು. ಆಮೇಲೆ ‘ಹನ್ನೆರಡು’. ಸಂಖ್ಯೆ ಬೆಳೆದ ಹಾಗೆಲ್ಲ ಕಳಿಸುವುದು ಕಷ್ಟವಾಯಿತು. ಈಗ ಅಲ್ಲಿ ‘ನಲವತ್ತೊಂದು’ ಅಂತಿತ್ತು.

ಆರನೇ ದಿನ ಬನಶಂಕರಿಯ ಮನೆ ಮುಂದಿನ ಕಂಬದ ಮೇಲೆ ಹಳದಿ ದೀಪ ಹತ್ತಿ, ಅದರ ಕೆಳಗಿನ ಫಲಕದಲ್ಲಿ ಅಕ್ಷರ ಮೂಡಿದವು. ಏಳು ಬೇಕು, ಇರುವುದು ಸೊನ್ನೆ, ಇನ್ನು ಮೂರು ದಿನ. ಪಡಸಾಲೆ ಸರಿಯಾಗಿ ಹತ್ತಡಿ. ಮಗ್ಗ ಇದ್ದದ್ದು ಅಲ್ಲೇ. ಗುಂಡಿಮಗ್ಗ ಅಂದರೆ ಎತ್ತಿಕೊಂಡು ಹೋಗುವ ವಸ್ತುವಲ್ಲ, ಅದರ ನಾಲ್ಕು ಕಂಬ ನೆಲದಲ್ಲಿ ಬೇರು ಬಿಟ್ಟ ಹಾಗೆ ಹೂತಿರುತ್ತವೆ. ಹಿಂದೆ ಇದ್ದದ್ದು ಒಂದು ಅಡುಗೆಮನೆ, ಮಲಗಲು ಒಂದು ಕೋಣೆ. ಮಗ್ಗ ಹೋದರೆ ಅವಳಿಗೂ ಗಂಡ ನಾಗಭೂಷಣನಿಗೂ ಬೇರೆ ಕಸುಬಿಲ್ಲ, ಬೇರೆ ಜಾಗವೂ ಇಲ್ಲ.

ಅವಳು ಬಸ್‌ಸ್ಟ್ಯಾಂಡಿಗೆ ನಡೆದುಹೋದಳು. ಸೂತಕದವಳು ಇನ್ನೊಬ್ಬರ ಹೊಸ್ತಿಲು ದಾಟಬಾರದೆಂದು ಗೇಟಿನಾಚೆ ಬಿಸಿಲಲ್ಲೇ ನಿಂತಳು. ಕಾವಲಿನವನು ಒಳಗೆ ಬಾರಮ್ಮ ಅಂದರೂ ಬರಲಿಲ್ಲ. ಕೊನೆಗೆ ಕುಮುದಿನಿಯೇ ಇಳಿದುಬಂದಳು.

“ನಮ್ಮತ್ತೆ ಹೋಗ್ಬುಟ್ರು ಮೇಡಂ,” ಎಂದಳು ಬನಶಂಕರಿ. “ಜನ ಬತ್ತಾನೇ ಅವ್ರೆ. ನಿಮ್ ಕಿವೀಗೆ ಯಾಕೋ ಕೇಳಿಸ್ತಿಲ್ಲ.”

ಕುಮುದಿನಿ ನಿಯಮ ಹೇಳಿದಳು. ಏಳು ಬೇರೆ ಬೇರೆ ದನಿ, ಒಂದೊಂದು ಸಲ, ಅಷ್ಟೇ ಸಾಕು. ಯಾರಾದರೂ ಆಪ್ತರಿಗೆ ಹೇಳಿ ಅನ್ನಿಸಿ.

ಬನಶಂಕರಿ ಅವಳ ಮುಖವನ್ನೇ ನೋಡಿದಳು. “ನೀವ್ ಯಾವ್ ಕಡೆಯೋರು ತಾಯಿ? ನಿಮ್ಮನೇಲಿ ಯಾರೂ ಸತ್ತಿಲ್ವಾ?”

“ಸತ್ತಿದ್ದಾರೆ,” ಎಂದಳು ಕುಮುದಿನಿ.

“ಮತ್ತೆ?”

ಬನಶಂಕರಿ ಸೆರಗು ತಲೆ ಮೇಲೆ ಎಳೆದುಕೊಂಡು, ಬರ್ತೀನಿ ಅನ್ನದೆ ತಿರುಗಿ ಹೊರಟಳು.

ಅವಳು ಆ ಎರಡು ದಿನ ಯಾರನ್ನೂ ಕೇಳಲಿಲ್ಲ. ಕೇಳುವ ಮಾತೂ ಅಲ್ಲ ಅದು. ಒಂಬತ್ತನೇ ದಿನ ಬೆಳಿಗ್ಗೆ ಮಾತ್ರ ಎದುರುಮನೆಯ ಸಿದ್ಧಗಂಗಮ್ಮನ ಕಟ್ಟೆಯ ಕೆಳಗೆ ನಿಂತು ಕೇಳಿದಳು. ಅಕ್ಕಯ್ಯಮ್ಮನಿಗೂ ಆಕೆಗೂ ಐವತ್ತು ವರ್ಷದ ಗೆಳೆತನ, ಐವತ್ತು ವರ್ಷದ ಜಗಳ. ಸಿದ್ಧಗಂಗಮ್ಮ ಬಂದಳು. ಬನಶಂಕರಿಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು, ಅಕ್ಕಯ್ಯಮ್ಮ ಕೊನೆಗೆ ಕೂತಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪ ನೋಡಿದಳು. ಬಾಯಿ ತೆರೆದಳು. ತೆರೆದ ಬಾಯನ್ನು ಕೈಯಿಂದ ಮುಚ್ಚಿಕೊಂಡಳು.

“ನನ್ ಕೈಲಾಗಲ್ಲ ಕಣೆ. ನನ್ ಸೊಸೆಗೆ ಏಳು ತಿಂಗ್ಳು. ನಿನ್ ಗೋಡೆ ಉಳ್ಸಕ್ಕೋಗಿ ಯಮನ್ನ ನಮ್ಮನೇಗ್ ಕರೀಲಾ?”

“ಬ್ಯಾಡ ದೊಡ್ಡಮ್ಮ, ಬುಡಿ,” ಎಂದಳು ಬನಶಂಕರಿ. ನಿಜಕ್ಕೂ ಅವಳಿಗೆ ಸಿಟ್ಟು ಬರಲಿಲ್ಲ. ತಾನೂ ಯಾರ ಮನೆಯಲ್ಲೂ ಹೇಳುತ್ತಿರಲಿಲ್ಲ.

ಹತ್ತು ಗಂಟೆಗೆ ನಾಗಭೂಷಣ ಕೆರೆಗೆ ಸ್ನಾನಕ್ಕೆ ಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾಗುವುದನ್ನು ನೋಡಿಕೊಂಡು ಬನಶಂಕರಿ ಹೊಸ್ತಿಲ ಮೇಲೆ ನಿಂತಳು. ಬೀದಿಗೆ ಬೆನ್ನು ಹಾಕಿದಳು. ದೀಪದ ಕಡೆ ಮುಖ ಮಾಡಿ ಮೆಲ್ಲಗೆ ಅಂದಳು:

“ಬರ್ತೀನಿ ಅತ್ತೆ.”

ಇಳಿದು ಮತ್ತೆ ಹತ್ತಿದಳು. ಮತ್ತೆ ಅಂದಳು. ಒಮ್ಮೆ ದನಿ ದಪ್ಪ ಮಾಡಿ, ಒಮ್ಮೆ ಮಗುವಿನ ಹಾಗೆ, ಒಮ್ಮೆ ಸಿದ್ಧಗಂಗಮ್ಮನ ಹಾಗೆ ಮೂಗಿನಲ್ಲಿ. ಏಳು ಸಲ. ಸತ್ತ ಅತ್ತೆಗೆ ಏಳು ಸಲ ನಿಮ್ಮ ಹತ್ತಿರ ಬರ್ತೀನಿ ಅಂತ ಮಾತು ಕೊಟ್ಟಳು. ಎದುರು ಕಟ್ಟೆಗಳ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು.

ಯಂತ್ರಕ್ಕೆ ಅನುಮಾನ ಬಂದರೆ ಮನುಷ್ಯರನ್ನು ಕೇಳುತ್ತದೆ. ಕುಮುದಿನಿಯ ಪರದೆಯ ಮೇಲೆ ಏಳು ತುಣುಕು ಬಂದು ಕೂತವು. ಕೆಳಗೆ ಒಂದು ಪ್ರಶ್ನೆ: ಇವೆಲ್ಲ ಒಬ್ಬರದೇ ದನಿಯೇ? ಹೌದು, ಅಲ್ಲ ಎಂದು ಎರಡು ಗುಂಡಿ. ಅವಳು ಕೇಳಿದಳು. ಮೊದಲನೆಯದರಲ್ಲಿ ‘ಅತ್ತೆ’ ಅನ್ನುವಾಗ ದನಿ ಒಡೆದಿತ್ತು. ಏಳನೆಯದರಲ್ಲೂ ಅದೇ ಜಾಗದಲ್ಲಿ ಒಡೆದಿತ್ತು. ಅಲ್ಲ ಅಂತ ಒತ್ತಬಹುದಿತ್ತು. ಒತ್ತಿದ್ದರೆ ಒತ್ತಿದವಳ ಹೆಸರಿನ ಜೊತೆ ಅದು ಕಡತದಲ್ಲಿ ಉಳಿಯುತ್ತಿತ್ತು, ಮುಂದಿನ ತಿಂಗಳ ತಪಾಸಣೆಯಲ್ಲಿ ಯಾರೋ ಕಿವಿಯಿಟ್ಟು ಕೇಳುತ್ತಿದ್ದರು. ಕುಮುದಿನಿ ಎದ್ದು ನೀರು ಕುಡಿದು ಬಂದಳು. ಹೌದು ಅಂತ ಒತ್ತಿದಳು. ಅದು ನಿಜವೂ ಆಗಿತ್ತು.

ಕಂಬದ ಮೇಲೆ ಒಂದು ಅಂತ ಬಂತು. ಪಕ್ಕದಲ್ಲಿ ‘ಮೋಸ’ ಅಂತಲೂ ಬಂತು. ಸಂಜೆ ನಾಲ್ಕಕ್ಕೆ ಗೋಡೆ ಸರಿಯುವುದೆಂದು ತಿಳಿಸಿ ಹಳದಿ ದೀಪ ಕೆಂಪಾಯಿತು.

ಸಾಮಾನು ಸಾಗಿಸಲು ಬೀದಿಯವರು ಓಡಿಬಂದರು. ಸೂತಕದ ಮನೆ ಅಂತ ಯಾರೂ ಹಿಂದೆ ನಿಲ್ಲಲಿಲ್ಲ. ರಾಟೆ, ಪೆಟ್ಟಿಗೆ, ನೂಲಿನ ಬುಟ್ಟಿ, ಗೋಡೆಯ ಪಟಗಳು, ಎಲ್ಲ ಹಿಂದಿನ ಕೋಣೆಗೆ ಹೋದವು. ಸಿದ್ಧಗಂಗಮ್ಮ ದೀಪಕ್ಕೆ ಸೆರಗು ಮರೆ ಮಾಡಿಕೊಂಡು ಆರದ ಹಾಗೆ ಒಳಗೆ ತಂದಿಟ್ಟಳು. ಭಾರ ಹೊರಲು ಹದಿನೆಂಟು ಜನ ಬಂದಿದ್ದರು. ಮಾತಾಡಲು ಏಳು ಜನ ಸಾಕಿತ್ತು.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಕತ್ತರಿಸಿ ತೆಗೆದುಬಿಡು ಅಂತ ಯಾರೋ ಅಂದರು. ಅತ್ತೆ ಸುತ್ತಿದ ನೂಲಿಗೆ ತಾನು ಕತ್ತರಿ ಹಾಕುವುದಿಲ್ಲ ಎಂದಳು ಬನಶಂಕರಿ.

ನಾಲ್ಕಕ್ಕೆ ಗೋಡೆ ಹೊರಟಿತು. ಮಂಚ ಎಳೆದ ಹಾಗೆ ಸದ್ದು. ಮನುಷ್ಯರು ಅಡ್ಡ ಬಂದರೆ ಅದು ನಿಲ್ಲುತ್ತದೆ. ನಾಗಭೂಷಣ ಓಡಿಬಂದು ಅಡ್ಡ ನಿಂತ. ಗೋಡೆ ನಿಂತು, ಇಂಪಾದ ಹೆಣ್ಣುದನಿಯಲ್ಲಿ, ದಯವಿಟ್ಟು ದಾರಿ ಬಿಡಿ, ನಿಮ್ಮ ಬೀದಿ ನಿಮಗಾಗಿ ಕಾದಿದೆ ಎಂದಿತು. ಮೂರು ಸಲ ಹಾಗಾಯಿತು. ನಾಲ್ಕನೇ ಸಲಕ್ಕೆ ಅಡ್ಡಿಪಡಿಸಿದವರ ಇಡೀ ಮನೆ ಹೋಗುತ್ತದೆಂದು ಸಂಹಿತೆಯಲ್ಲಿ ಓದಿದ್ದವರೊಬ್ಬರು ಅವನ ರಟ್ಟೆ ಹಿಡಿದು ಈಚೆಗೆ ಎಳೆದರು. ಗೋಡೆ ಕಂಬಗಳನ್ನು ಮುಟ್ಟಿತು. ಮೊದಲು ಮರ ಕಿರುಗುಟ್ಟಿತು. ಆಮೇಲೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ನಾಲ್ಕು ಸಾವಿರ ಎಳೆಗಳು, ಎಲ್ಲ ಒಟ್ಟಿಗಲ್ಲ, ಮಳೆ ಶುರುವಾಗುವ ಹಾಗೆ ಮೊದಲು ಒಂದೊಂದಾಗಿ, ಆಮೇಲೆ ಲೆಕ್ಕವಿಲ್ಲದೆ ಹರಿದವು.

ಮಾರನೇ ದಿನ ಬೆಳಿಗ್ಗೆ ಕಚೇರಿಯ ಕೆಲಸದವರು ಬಂದು ಮಗ್ಗದ ಗುಂಡಿಗೆ ಮಣ್ಣು ತುಂಬಿ, ಕಲ್ಲು ಹಾಸಿ, ಬೆಂಚು ಹಾಕಿದರು. ಒಂದು ಹೊಂಗೆ ಗಿಡವನ್ನೂ ನೆಟ್ಟರು. ಜಾಗ ಚೆನ್ನಾಗೇ ಕಾಣುತ್ತಿತ್ತು. ಸಂಜೆ ವಾಯುವಿಹಾರಕ್ಕೆ ಬಂದವರು ಕೂತರು. ಬೇರೆ ಬಡಾವಣೆಯ ಒಬ್ಬ ಹುಡುಗಿ, ಜೊತೆಗೆ ಅವಳನ್ನು ಮದುವೆಯಾಗಲಿದ್ದವನು. ಕಡಲೆಕಾಯಿ ತಿಂದು, ಸಿಪ್ಪೆಯನ್ನು ಮರ್ಯಾದೆಯಿಂದ ಕಾಗದದಲ್ಲೇ ಕಟ್ಟಿ, ಒಳಬಾಗಿಲಲ್ಲಿ ನಿಂತಿದ್ದ ಬನಶಂಕರಿಗೆ ನಕ್ಕು, “ಎಷ್ಟು ತಂಪಾಗಿದೆ ಆಂಟಿ ಇಲ್ಲಿ, ಬರ್ತೀವಿ” ಅಂದರು. ಅಂದು ಸೂತಕದ ಹತ್ತನೇ ದಿನ. ಕಂಬದ ಮೇಲೆ ಸಂಖ್ಯೆ ಏರಿತು. ದೀಪ ಹಚ್ಚುವ ಹೊತ್ತಿಗೆ ಐವತ್ತಮೂರಾಗಿ, ಮನೆಗೆ ಮತ್ತೆ ಹಸಿರು ಬಂತು. ಜೀವಂತ ಮುಖ.

ಹನ್ನೆರಡನೇ ದಿನ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಿ ಬನಶಂಕರಿ ಮತ್ತೆ ಬಸ್‌ಸ್ಟ್ಯಾಂಡಿಗೆ ಬಂದಳು. ಈ ಸಲ ಗೇಟು ದಾಟಿದಳು, ಮೆಟ್ಟಿಲು ಹತ್ತಿದಳು, ಕುಮುದಿನಿಯ ಮೇಜಿನ ಮುಂದೆ ಬಂದು ನಿಂತಳು. ಕುಮುದಿನಿ ಎದ್ದು ಕುರ್ಚಿ ಎಳೆದುಕೊಟ್ಟಳು. ಗೋಡೆಯ ವಿಚಾರಕ್ಕೆ ಮೇಲ್ಮನವಿ ಹಾಕಬಹುದೆಂದು, ಫಾರಂ ತಾನೇ ತುಂಬಿಕೊಡುವೆನೆಂದು ಹೇಳತೊಡಗಿದಳು.

“ಗೋಡೆ ಬುಡಿ ಮೇಡಂ,” ಎಂದಳು ಬನಶಂಕರಿ, ಕೂರದೆ. “ಮಗ್ಗ ಮುರ್ದೋಯ್ತು, ಗೋಡೆ ಇಸ್ಕೊಂಡ್ ಏನ್ ಮಾಡ್ಲಿ. ನಾನ್ ಏಳು ಸಲ ಅಂದಿದ್ದು ನಿಮ್ಮತ್ರ ಐತಂತಲ್ಲ. ಅದನ್ನ ಅಳ್ಸಿ.”

ಕುಮುದಿನಿ ತೆಗೆದ ಫಾರಂ ಮತ್ತೆ ಕೆಳಗಿಟ್ಟಳು.

“ಸಾಯಕ್ಕೆ ಹೆದ್ರಲ್ಲ ನಾನು. ನಮ್ಮತ್ತೆ ಮುಂದೆ ಸುಳ್ಳಾಡಿದೋಳಲ್ಲ ಯಾವತ್ತೂ. ಗೋಡೆ ಆಸೆಗೆ ಬರ್ತೀನಿ ಅಂದ್ಬುಟ್ಟೆ. ಅವ್ರು ಕಾಯ್ತಾ ಇರ್ತಾರೆ. ಗಾಳೀಲಿ ಹೋಗಿದ್ರೆ ಹೋಗದು. ನೀವು ಹಿಡ್ದಿಟ್ಕೊಂಡ್ರೆ ಹೆಂಗೆ?”

ಮೋಸವೆಂದು ಗುರುತು ಹಾಕಿದ ದನಿ ಏಳು ವರ್ಷ ಕಡತದಲ್ಲಿರುತ್ತದೆ. ಅದನ್ನು ಅಳಿಸುವ ದಾರಿ ಒಂದೇ, ನಿಯಮವೇ ತಪ್ಪೆಂದು ನಿಯಮ ಬರೆದವರು ಬರೆದುಕೊಡಬೇಕು. ಕುಮುದಿನಿ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಳಿಸುತ್ತೇನೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದಳಷ್ಟೆ. ಬನಶಂಕರಿ ನಂಬಿದಳೋ ಇಲ್ಲವೋ, ತಲೆಯಾಡಿಸಿ ಮೆಟ್ಟಿಲಿಳಿದಳು.

ಆ ಮಧ್ಯಾಹ್ನ ಕುಮುದಿನಿ ಆ ಹಳೇ ಕಾಗದ ತೆಗೆದಳು. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಸೂತಕದ ಮನೆಯಲ್ಲಿ ಈ ಮಾತು ಆಡುವುದಿಲ್ಲ, ಇದು ನನಗೆ ಗೊತ್ತಿತ್ತು, ಯಂತ್ರಕ್ಕೆ ನಾನು ಕಲಿಸಲಿಲ್ಲ, ಇಷ್ಟು ಮನೆಗಳ ಗೋಡೆ ನನ್ನ ತಪ್ಪಿನಿಂದ ಸರಿದಿವೆ ಎಂದಿತ್ತು. ನಲವತ್ತೊಂದನ್ನು ಹೊಡೆದು ನಲವತ್ತೆರಡು ಮಾಡಿದಳು. ಹೊಡೆದ ಸಂಖ್ಯೆಗಳೇ ಎರಡು ಸಾಲು ತುಂಬಿದ್ದವು. ಬೇರೆ ಹಾಳೆಗೆ ಚೊಕ್ಕವಾಗಿ ಬರೆಯಲು ಪೆನ್ನೆತ್ತಿದವಳು, ಬೇಡವೆಂದು ಅದನ್ನೇ ಮಡಿಸಿ ಕೆಳಗಿನ ರವಾನೆ ವಿಭಾಗಕ್ಕೆ ಒಯ್ದಳು.

ಗುಮಾಸ್ತರು ಹಾಳೆ ಬಿಡಿಸಿ ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಮೊಹರು ಎತ್ತಿ, ತಡೆದರು.

“ತಾರೀಖು ತಪ್ಪಾಗಿದೆ ಮೇಡಂ. ಎರಡು ವರ್ಷ ಹಿಂದಿಂದು ಹಾಕಿದೀರ. ಹೀಗೇ ಹೋದ್ರೆ, ಗೊತ್ತಿದ್ದೂ ಇಟ್ಕೊಂಡಿದ್ರಿ ಅಂತಾರೆ. ಇವತ್ತಿಂದು ಮಾಡ್ಕೊಡಿ.”

ಅವರೇ ಪೆನ್ನು ಮುಂದೆ ಮಾಡಿದರು. ಕುಮುದಿನಿ ಅದನ್ನು ಮುಟ್ಟಲಿಲ್ಲ.

“ತಾರೀಖು ಸರಿಯಾಗೇ ಇದೆ,” ಎಂದಳು. “ಹಾಗೇ ಕಳಿಸಿ.”

ಗುಮಾಸ್ತರು ಅವಳನ್ನೊಮ್ಮೆ ನೋಡಿ, ಕಾಗದವನ್ನೊಮ್ಮೆ ನೋಡಿ, ಮೊಹರು ಒತ್ತಿ, ಸಮಿತಿಗೆ ಹೋಗುವ ಚೀಲದೊಳಕ್ಕೆ ಹಾಕಿ ಬಾಯಿ ಕಟ್ಟಿದರು.